ನನ್ನ ಕೋವಿ ಫ್ಯಾಕ್ಟರಿಗೆ, ಅಪ್ಪನ ಕೋವಿ ಠಾಣೆಗೆ

ನಾನು ಹೋಗುವ ಶೂಟಿಂಗ್ ರೇಂಜಿನ ಬಾಗಿಲ ಪಕ್ಕ ಒಂದು ಬೋರ್ಡ್ ಇದೆ. ಅದರಲ್ಲಿ ಯಾವಾಗಲೂ ಅವೇ ಮೂರು ಚೀಟಿ. ಹಳೇ ಟ್ರಕ್ ಮಾರಾಟಕ್ಕಿದೆ, ನಾಯಿಮರಿ ಬೇಕಾದರೆ ಫೋನ್ ಮಾಡಿ, ಭಾನುವಾರ ಪ್ಯಾನ್‌ಕೇಕ್ ತಿಂಡಿ. 2024ರ ಮಾರ್ಚ್ ಕೊನೆಯ ಶನಿವಾರ ಅಲ್ಲಿ ನಾಲ್ಕನೆಯ ಕಾಗದವೊಂದು ಸೇರಿಕೊಂಡಿತ್ತು. ಮೇಲೆ ದಪ್ಪ ಅಕ್ಷರದಲ್ಲಿ ‘ಸೇಫ್ಟಿ ರೀಕಾಲ್’ ಅಂತ, ಅಂದರೆ ದೋಷ ಇರುವ ಮಾಲನ್ನು ಸರಿ ಮಾಡಿಕೊಡಲು ಕಂಪನಿಯೇ ವಾಪಸ್ ಕರೆಸಿಕೊಳ್ಳುವುದು. ಕೆಳಗೆ ಒಂದು ರೈಫಲ್ ಚಿತ್ರ. ನನ್ನ ಹೆಗಲ ಮೇಲಿನ ಚೀಲದಲ್ಲಿ ಇದ್ದದ್ದೂ ಅದೇ ರೈಫಲ್.

ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ, ಪಿಟ್ಸ್‌ಬರ್ಗ್ ಹತ್ತಿರ. ನಮ್ಮವರಿಗೆ ಈ ಊರು ಗೊತ್ತಿರೋದು ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದಿಂದ. ಇಲ್ಲಿನವರಿಗೆ ಇದು ಉಕ್ಕಿನ ಊರು, ಜಿಂಕೆ ಬೇಟೆಯ ಊರು. ನವೆಂಬರ್ ಕೊನೆಯಲ್ಲಿ ಜಿಂಕೆ ಸೀಸನ್ ಶುರುವಾದರೆ ಎಷ್ಟೋ ಶಾಲೆಗಳಿಗೆ ಸೋಮವಾರ ರಜೆ! ಕೆಲವು ಹೈಸ್ಕೂಲುಗಳಲ್ಲಿ ಫುಟ್‌ಬಾಲ್ ಟೀಮ್ ಇದ್ದ ಹಾಗೆ ರೈಫಲ್ ಟೀಮೂ ಇದೆ. ನನ್ನ ಮಗಳು ಅದಕ್ಕೆ ಸೇರಬೇಕು ಅಂದಳು. ಕೋವಿ ಮನೆಗೆ ಬಂದದ್ದು ಹಾಗೆ.

ಬಂದದ್ದು ಅವಳ ಆಸೆಗೆ ಮಾತ್ರ ಅಂತ ಹೇಳಿದರೆ ಅರ್ಧ ಸುಳ್ಳು. ನಾನು ಕೊಪ್ಪದ ಕಡೆಯವನು. ನಮ್ಮ ಮನೆಯ ಜಗುಲಿಯ ಗೋಡೆಗೆ ಒಂಟಿ ನಳಿಗೆಯ ಕೋವಿ ಇತ್ತು, ಈಗಲೂ ಇದೆ. ಬೆಳೆ ರಕ್ಷಣೆ ಲೈಸೆನ್ಸಿನದು. ಮಂಗ, ಹಂದಿ ಬಂದಾಗ ಅಪ್ಪ ಒಂದು ಈಡು ಹಾರಿಸುತ್ತಿದ್ದರು. ಬಿದ್ದದ್ದಕ್ಕಿಂತ ಹೆದರಿ ಓಡಿದ್ದೇ ಜಾಸ್ತಿ. ಅದನ್ನು ಮುಟ್ಟಲು ನನಗೆ ಬಿಟ್ಟವರಲ್ಲ. ನಾನು ಮೊದಲು ಗುಂಡು ಹಾರಿಸಿದ್ದು ಕಾಲೇಜಿನ ಎನ್‌ಸಿಸಿ ಕ್ಯಾಂಪಿನಲ್ಲಿ. ಪಾಯಿಂಟ್ ಟೂ ಟೂ ರೈಫಲ್, ಐದು ಗುಂಡು, 25 ಗಜ ದೂರ. ಎನ್‌ಸಿಸಿಯಲ್ಲಿ ಇದ್ದವರಿಗೆಲ್ಲ ಆ ‘ಟಪ್’ ಸದ್ದು ನೆನಪಿರುತ್ತೆ.

ಈಗ ನನ್ನ ಚೀಲದಲ್ಲಿದ್ದದ್ದೂ ಪಾಯಿಂಟ್ ಟೂ ಟೂನೇ. ಇದು ರಿಮ್‌ಫೈರ್ ಜಾತಿಯದು. ದೊಡ್ಡ ರೈಫಲ್‌ಗಳ ತೋಟಾದ ಬುಡದ ನಡುವೆ ಒಂದು ಪುಟ್ಟ ಬಟ್ಟಲಿನಂಥ ಕೇಪು ಇರುತ್ತೆ, ಪಿನ್ ಬಂದು ಅಲ್ಲಿ ಬಡಿಯುತ್ತೆ. ಇದರಲ್ಲಿ ಹಾಗಿಲ್ಲ. ತೋಟಾದ ಬುಡದಲ್ಲಿ ತೆಳ್ಳನೆಯ ಮಡಿಕೆ ಅಂಚು, ಲೋಟದ ಕಂಠ ಇದ್ದ ಹಾಗೆ. ಸಿಡಿಮದ್ದು ಆ ಅಂಚಿನ ಒಳಗೆ ಸುತ್ತ ಹರಡಿರುತ್ತೆ. ಪಿನ್ ಅಂಚನ್ನು ಎಲ್ಲೇ ಜಜ್ಜಿದರೂ ಸಾಕು. ಈಗ ಎಲ್ಲರೂ ಬಳಸುವ ಪಾಯಿಂಟ್ ಟೂ ಟೂ ಲಾಂಗ್ ರೈಫಲ್ ತೋಟಾ 1887ರಿಂದಲೂ ಇದೆ. ಗುಂಡಿನ ತೂಕ ಎರಡೂವರೆ ಗ್ರಾಂ ಚಿಲ್ಲರೆ. ಅಗ್ಗ, ಭುಜಕ್ಕೆ ಒದೆ ಇಲ್ಲ, ಸದ್ದು ಕಡಿಮೆ. ಅದಕ್ಕೇ ಇಲ್ಲಿ ಮಕ್ಕಳಿಗೆ ಮೊದಲು ಕೈಗೆ ಕೊಡೋದು ಇದನ್ನೇ. ಅದಕ್ಕೇ ಇದನ್ನು ಆಟದ ಸಾಮಾನು ಅಂದುಕೊಳ್ಳುವವರೂ ಜಾಸ್ತಿ. ಗುಂಡು ಒಂದು ಮೈಲಿಗೂ ಆಚೆ ಹೋಗಬಲ್ಲದು.

ಇಲ್ಲಿಗೆ ಹೊಸದಾಗಿ ಬಂದವರಿಗೆ ಒಂದು ಮಾತು. ಎಚ್-1ಬಿ ವೀಸಾದಲ್ಲಿರುವವರು ಕೋವಿ ಇಟ್ಟುಕೊಳ್ಳುವ ಹಾಗಿಲ್ಲ. ಇಲ್ಲಿನ ಕೇಂದ್ರ ಕಾನೂನೇ ಹಾಗಿದೆ. ಬೇಟೆ ಲೈಸೆನ್ಸ್ ಇದ್ದವರಿಗೆ ಅಂತ ಕೆಲವು ವಿನಾಯಿತಿ ಇದೆ, ಅಷ್ಟೇ. ಗೆಳೆಯರ ಜೊತೆ ಸುಮ್ನೆ ಮಜಾಕ್ಕೆ ರೇಂಜಿಗೆ ಹೋಗುವ ಹುಡುಗರಿಗೆ ಇದು ಗೊತ್ತೇ ಇರಲ್ಲ. ನಾನು ಗ್ರೀನ್ ಕಾರ್ಡ್ ಬಂದು ಎರಡು ವರ್ಷ ಆದಮೇಲೆ, 2019ರಲ್ಲಿ ಕೊಂಡೆ. ಅಂಗಡಿಯಲ್ಲಿ ಫಾರ್ಮ್ ತುಂಬಿದೆ, ಅವರು ನನ್ನ ಹಿನ್ನೆಲೆ ತಪಾಸಣೆ ಮುಗಿಸಿದರು, ಡಬ್ಬ ಕೈಗೆ ಕೊಟ್ಟರು. ಡಬ್ಬದ ಜೊತೆ ಒಂದು ಕಾರ್ಡ್ ಇತ್ತು, ಹೆಸರು ವಿಳಾಸ ಬರೆದು ಕಂಪನಿಗೆ ಕಳಿಸಿ ಅಂತ. ಮಿಕ್ಸಿ ಜೊತೆಗೂ ಅಂಥದ್ದೇ ಬರುತ್ತಲ್ಲ, ನಾವು ಏನು ಮಾಡ್ತೀವೋ ನಾನೂ ಅದನ್ನೇ ಮಾಡಿದೆ.

ರೀಕಾಲ್ ಕಾಗದವನ್ನು ನಿಂತಲ್ಲೇ ಎರಡು ಸಲ ಓದಿದೆ. ಇಷ್ಟರಿಂದ ಇಷ್ಟು ನಂಬರಿನವರೆಗಿನ ರೈಫಲ್‌ಗಳಲ್ಲಿ ಟ್ರಿಗರ್ ಒಳಗಿನ ಒಂದು ತುಂಡು ಸರಿಯಾಗಿ ಕಚ್ಚಿಕೊಳ್ಳದೇ ಇರಬಹುದು. ಹಾಗಾದಾಗ ಸೇಫ್ಟಿ (ಗುಂಡು ಹಾರದಂತೆ ತಡೆಯುವ ಕೀಲಿ) ಬಿಟ್ಟ ಕೂಡಲೇ, ಟ್ರಿಗರ್ ಮುಟ್ಟದೆಯೇ, ಗುಂಡು ಹಾರಬಹುದು. ಬಳಸುವುದನ್ನು ತಕ್ಷಣ ನಿಲ್ಲಿಸಿ. ನೀವೇ ಬಿಚ್ಚಿ ರಿಪೇರಿ ಮಾಡಬೇಡಿ. ಖರ್ಚೆಲ್ಲ ನಮ್ಮದು.

ಆವತ್ತು ಹೊಡೆಯದೆ ಮನೆಗೆ ಬಂದೆ. ಗ್ಯಾರೇಜಿನ ಮೇಜಿನ ಮೇಲೆ ಹಳೇ ಟವೆಲ್ ಹಾಸಿ ಕೋವಿ ಮಲಗಿಸಿದೆ. ತೋಟಾ ತುಂಬುವ ಮ್ಯಾಗಜಿನ್ ತೆಗೆದೆ, ಬಾಗಿಲ ಚಿಲಕದಂಥ ಬೋಲ್ಟ್ ಹಿಂದಕ್ಕೆಳೆದೆ, ಒಳಗೆ ಇಣುಕಿದೆ, ಕಿರುಬೆರಳು ಹಾಕಿಯೂ ನೋಡಿದೆ. ಖಾಲಿ. ನಂಬರ್ ನಳಿಗೆ ಸೇರುವ ಜಾಗದ ಎಡಗಡೆ ಕೆತ್ತಿದೆ, ಎಣ್ಣೆ ಜಿಡ್ಡಿಗೆ ಧೂಳು ಕೂತು ಕಾಣುತ್ತಿರಲಿಲ್ಲ. ಒರೆಸಿ, ಟಾರ್ಚ್ ಅಡ್ಡ ಹಿಡಿದು ಓದಿದೆ. (1968ಕ್ಕೂ ಹಿಂದಿನ ಎಷ್ಟೋ ಪಾಯಿಂಟ್ ಟೂ ಟೂ ರೈಫಲ್‌ಗಳ ಮೇಲೆ ನಂಬರೇ ಇರುವುದಿಲ್ಲ. ಆ ವರ್ಷ ಬಂದ ಕಾನೂನಿನ ಮೇಲೆಯೇ ಅದು ಕಡ್ಡಾಯವಾದದ್ದು.) ನನ್ನದು ಪಟ್ಟಿಯ ಒಳಗೇ ಇತ್ತು.

ಒಂದು ಚಪಲ ಬರುತ್ತೆ, ಹೇಳ್ತೀನಿ. ನಿಜಕ್ಕೂ ಹಾಗಾಗುತ್ತಾ ಅಂತ ಒಂದು ಸಲ ನೋಡಿಬಿಡೋಣ ಅನ್ನಿಸುತ್ತೆ. ಐದು ವರ್ಷದಲ್ಲಿ ಎರಡು ಸಾವಿರ ಗುಂಡಾದರೂ ಹೊಡೆದಿದ್ದೇವೆ, ಒಮ್ಮೆಯೂ ಆಗಿಲ್ಲ. ಆಮೇಲೆ ಮಗಳು ಸೇಫ್ಟಿ ಬಿಡುವ ರೀತಿ ನೆನಪಾಯಿತು. ನಾಲಿಗೆ ತುದಿ ಕಚ್ಚಿಕೊಂಡು, ಹೆಬ್ಬೆರಳಲ್ಲಿ ನಿಧಾನ ತಳ್ಳುತ್ತಾಳೆ. ಆಗ ನಳಿಗೆ ಗುರಿಯ ಕಡೆಗೇ ಇರುತ್ತಿತ್ತು. ಇರದೇ ಹೋದರೆ ನಾನು ಗದರಿಸುತ್ತಿದ್ದೆ. ಎನ್‌ಸಿಸಿಯ ಹವಾಲ್ದಾರರು ನಮ್ಮ ಕಿವಿಗೆ ತುಂಬಿದ್ದು ಅದೊಂದೇ: ಸೇಫ್ಟಿ ಕೆಟ್ಟೀತು, ನಳಿಗೆ ಎತ್ತ ಇದೆ ನೋಡು. ಆಗ ಅವರನ್ನು ಹಿಂದಿನಿಂದ ಅಣಕಿಸುತ್ತಿದ್ದೆವು. ಕೋವಿಯನ್ನು ಚೀಲಕ್ಕೆ ಹಾಕಿ ಬೀಗ ಹಾಕಿದೆ.

ಈ ಸುದ್ದಿ ನನಗೆ ಬೋರ್ಡಿನಿಂದ ಯಾಕೆ ಗೊತ್ತಾಗಬೇಕು? ಎರಡು ವರ್ಷದ ಹಿಂದೆ ನಮ್ಮ ಹಳೇ ಕಾರಿನ ಟಕಾಟಾ ಕಂಪನಿಯ ಏರ್‌ಬ್ಯಾಗ್ ರೀಕಾಲ್ ಆದಾಗ ಮನೆಗೆ ಪತ್ರದ ಮೇಲೆ ಪತ್ರ ಬಂದಿತ್ತು. ಹೋಗಿ ಬದಲಾಯಿಸುವ ತನಕ ಬಿಡಲಿಲ್ಲ. ಕಾರು ಯಾರದು ಅಂತ ಸರ್ಕಾರಕ್ಕೆ ಗೊತ್ತು, ಕಂಪನಿಗೆ ರೀಕಾಲ್ ಮಾಡು ಅಂತ ಹೇಳುವ ಇಲಾಖೆಯೂ ಇದೆ. ಕೋವಿಗೆ ಎರಡೂ ಇಲ್ಲ.

ಇದು ನನಗೂ ಹೊಸದು. ಇಲ್ಲಿ ಗ್ರಾಹಕರ ಸಾಮಾನುಗಳ ಸುರಕ್ಷತೆಗೆ ಒಂದು ಆಯೋಗ ಇದೆ, 1972ರ ಕಾಯ್ದೆಯಿಂದ ಬಂದದ್ದು. ತೊಟ್ಟಿಲು, ಟೋಸ್ಟರ್, ಕೂದಲು ಒಣಗಿಸುವ ಯಂತ್ರ ಎಲ್ಲ ಅದರ ಕೈಕೆಳಗೆ. ಕೋವಿಯನ್ನು ಮಾತ್ರ ಆ ಕಾಯ್ದೆಯಿಂದ ಹೊರಗಿಟ್ಟರು. 1976ರಲ್ಲಿ ಗುಂಡು, ತೋಟಾಗಳ ತಂಟೆಗೂ ಬರಬೇಡ ಅಂತ ತಿದ್ದುಪಡಿ ಮಾಡಿ ಬಾಗಿಲು ಪೂರ್ತಿ ಹಾಕಿದರು. ಆಟಿಕೆ ಪಿಸ್ತೂಲಿನಲ್ಲಿ ದೋಷ ಇದ್ದರೆ ಆಯೋಗ ಅದನ್ನು ಅಂಗಡಿಯಿಂದ ತೆಗೆಸಬಹುದು. ಏರ್‌ಗನ್ ಆದರೂ ಸೈ, 2001ರಲ್ಲಿ ಡೈಸಿ ಕಂಪನಿಯ ಎರಡು ಏರ್‌ಗನ್‌ಗಳ ಬಗ್ಗೆ ದಾವೆ ಹೂಡಿತ್ತು. ನಿಜವಾದ ಕೋವಿಯಾದರೆ ಸುಮ್ಮನೆ ಕೂರಬೇಕು! ಇದನ್ನು ಯಾವ ಕೋನದಿಂದ ನೋಡಿದರೂ ನನಗೆ ಸರಿ ಕಾಣಲಿಲ್ಲ. ಕೋವಿ ಪರವಾಗಿ ವಾದ ಮಾಡುವ ಇಲ್ಲಿನ ಗೆಳೆಯರಿಗೂ ಇದಕ್ಕೆ ಒಳ್ಳೆಯ ಉತ್ತರ ಇರಲಿಲ್ಲ. ಜೊತೆಗೆ ಯಾರ ಹತ್ತಿರ ಯಾವ ಕೋವಿ ಇದೆ ಅಂತ ದೇಶಕ್ಕೆಲ್ಲ ಒಂದು ಪಟ್ಟಿ ಇಡುವುದನ್ನು 1986ರ ಕಾಯ್ದೆ ತಡೆದಿದೆ. ಹಾಗಾಗಿ ಕಂಪನಿ ತಾನಾಗಿಯೇ ತಪ್ಪು ಒಪ್ಪಿಕೊಳ್ಳಬೇಕು, ನಾನು ನಾನಾಗಿಯೇ ಗಮನಿಸಬೇಕು. ನಡುವೆ ಇದ್ದ ಒಂದೇ ದಾರ ಅಂದರೆ ನಾನು ಕಸದ ಬುಟ್ಟಿಗೆ ಹಾಕಿದ ಆ ಕಾರ್ಡು.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿದಾಗ ಅವರ ಕೋವಿಯೂ ಮನೆಯಲ್ಲಿ ಇರಲಿಲ್ಲ. ಲೋಕಸಭೆ ಚುನಾವಣೆ ಘೋಷಣೆಯಾಗಿ ಎರಡು ವಾರ ಆಗಿತ್ತಷ್ಟೇ, ಠಾಣೆಗೆ ಒಪ್ಪಿಸಿ ಚೀಟಿ ತಂದಿದ್ದರು. ಮಲೆನಾಡಿನವರಿಗೆ ಇದು ಪ್ರತಿ ಚುನಾವಣೆಯ ಹಾಡು. “ಮಂಗಂಗೆ ನೀತಿ ಸಂಹಿತೆ ಇಲ್ಲ ನೋಡು” ಅಂದರು. ನನ್ನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ.

“ಮಾಡ್ದವ್ರೇ ನಮ್ಮ ತಪ್ಪು ಅಂತ ಕಾಗ್ದ ಹಾಕಿದಾರಾ?”

“ಹೌದಪ್ಪ.”

“ದುಡ್ಡು?”

“ಒಂದು ಪೈಸೆ ಇಲ್ಲ. ಡಬ್ಬನೂ ಅವರೇ ಕಳಿಸ್ತಾರೆ.”

“ಹಂಗಾರೆ ನಂದನ್ನೂ ಅಲ್ಲಿಗೇ ಕಳ್ಸ್ಲನಾ ಮಾರಾಯ?”

ಅವರ ಕೋವಿಯ ಕುದುರೆ, ಅಂದರೆ ಗುಂಡು ಸಿಡಿಸಲು ಬಡಿಯುವ ಸುತ್ತಿಗೆಯಂಥ ಭಾಗ, ಸಡಿಲ. ನಾನು ಹೈಸ್ಕೂಲಿನಲ್ಲಿದ್ದಾಗಲೇ ಅದು ತಾನಾಗಿ ಬೀಳದಿರಲಿ ಅಂತ ಸೈಕಲ್ ಟ್ಯೂಬಿನ ಒಂದು ಪಟ್ಟಿ ಸುತ್ತಿದ್ದರು. ರಬ್ಬರ್ ಹರಿದಾಗೆಲ್ಲ ಹೊಸ ಪಟ್ಟಿ. ಲೈಸೆನ್ಸ್ ಪುಸ್ತಕದಲ್ಲಿ ಕೋವಿಯ ನಂಬರಿದೆ, ಅಪ್ಪನ ಫೋಟೋ ಇದೆ, ಮೊದಲು ಮೂರು ವರ್ಷಕ್ಕೆ, 2019ರ ತಿದ್ದುಪಡಿ ಆದಮೇಲೆ ಐದು ವರ್ಷಕ್ಕೆ ರಿನ್ಯೂ ಮಾಡಿದ ಸೀಲುಗಳಿವೆ. ಅದು ಯಾರ ಬಳಿ ಇದೆ ಅಂತ ಡಿಸಿ ಆಫೀಸಿಗೆ ಗೊತ್ತು, ಠಾಣೆಗೆ ಗೊತ್ತು. ಕುದುರೆ ಸಡಿಲ ಅಂತ ಗೊತ್ತಿರೋದು ಅಪ್ಪನಿಗೆ ಮಾತ್ರ.

ಸೋಮವಾರ ಕಂಪನಿಗೆ ಫೋನ್ ಮಾಡಿದೆ. ಹೆಂಗಸೊಬ್ಬರು ನಂಬರ್ ಕೇಳಿ, ವಿಳಾಸ ಬರಕೊಂಡು, ಎರಡು ಸಲ ಕ್ಷಮೆ ಕೇಳಿದರು. ಒಂದು ವಾರಕ್ಕೆ ಉದ್ದನೆಯ ರಟ್ಟಿನ ಡಬ್ಬ ಬಂತು, ಒಳಗೆ ಸ್ಪಂಜು, ದುಡ್ಡು ಕಟ್ಟಿದ ಕೊರಿಯರ್ ಚೀಟಿ. ದುರ್ಬೀನು ಬಿಚ್ಚಿಕೊಳ್ಳಿ, ಹೆಗಲ ಪಟ್ಟಿ ತೆಗೆಯಿರಿ, ಡಬ್ಬದಲ್ಲಿ ಒಂದೇ ಒಂದು ತೋಟಾ ಕೂಡ ಇರಬಾರದು ಅಂತ ಸೂಚನೆ. ರಿಪೇರಿಗೆ ಅಂತ ತಯಾರಕರಿಗೆ ನೇರ ಕಳಿಸಬಹುದು, ಅವರು ನೇರ ನನಗೇ ವಾಪಸ್ ಕಳಿಸಬಹುದು, ನಡುವೆ ಅಂಗಡಿ ಬೇಕಿಲ್ಲ. ಪಿಸ್ತೂಲಾಗಿದ್ದರೆ ಅಂಚೆಗೆ ಹಾಕುವಂತಿರಲಿಲ್ಲ, ಅದಕ್ಕೆ ಆಗ 1927ರ ಕಾನೂನಿನ ನಿಷೇಧ ಇತ್ತು.

“ಹೋದದ್ದು ಹೋಯ್ತು, ಬರೋದು ಬೇಡ” ಅಂದಳು ಹೆಂಡತಿ. ಅವಳು ಮೈಸೂರಿನವಳು. ಅವಳ ತವರಿನಲ್ಲಿ ಇಲಿಗೂ ಬೋನು ಇಟ್ಟು ದೂರ ಬಿಟ್ಟು ಬರುತ್ತಾರೆ. ಮಗಳು ಟೀಮಿನ ಕೋವಿಯಲ್ಲೇ ಅಭ್ಯಾಸ ಮಾಡಿಕೊಂಡಳು.

ಗೋಳು ಹೊಯ್ದದ್ದು ಪಕ್ಕದ ಮನೆಯ ಅಜ್ಜ. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ನಾನು ಕೋವಿ ಕೊಳ್ಳುವಾಗ ಅಂಗಡಿಗೆ ಜೊತೆ ಬಂದವರು ಅವರೇ, ತಮ್ಮಲ್ಲಿದ್ದ ಅದೇ ಮಾಡೆಲ್ಲನ್ನೇ ಕೊಡಿಸಿದವರೂ ಅವರೇ. ಕಾಗದದ ಫೋಟೋ ತೋರಿಸಿದೆ. ನೋಡಲೇ ಇಲ್ಲ. “ಅಷ್ಟು ವರ್ಷದಿಂದ ಹೊಡೀತಿದೀನಿ, ನನ್ನದು ಸರಿಯಾಗೇ ಇದೆ” ಅಂದರು. ವಕೀಲರಿಗೆ ಹೆದರಿ ಕಂಪನಿಯವರು ಹೀಗೆಲ್ಲ ಮಾಡ್ತಾರೆ, ಫ್ಯಾಕ್ಟರಿಗೆ ಹೋದ ಕೋವಿ ಮೊದಲಿನ ಹಾಗೆ ಗುರಿ ಹೊಡೆಯಲ್ಲ ಅಂತ ಅವರ ಲೆಕ್ಕ. ನಂಬರಾದರೂ ನೋಡಿ ಅಂದೆ. ಹುಲ್ಲು ಕತ್ತರಿಸುವ ಯಂತ್ರದ ಹಗ್ಗ ಎಳೆದು ಸ್ಟಾರ್ಟ್ ಮಾಡಿದರು. ಮಾತು ಮುಗಿಯಿತು ಅಂತ ಅರ್ಥ. ಅವರ ಮೊಮ್ಮಕ್ಕಳು ಬೇಸಿಗೆಗೆ ಬರುತ್ತಾರೆ, ಅದೇ ಕೋವಿಯಲ್ಲಿ ತಗಡಿನ ಡಬ್ಬಕ್ಕೆ ಗುರಿ ಇಡುತ್ತಾರೆ. ನಾನು ಎರಡು ಮೂರು ಸಲ ಹೇಳಿದೆ. ನಾಲ್ಕನೇ ಸಲ ಹೇಳಲು ಹೋದಾಗ ನಮ್ಮನೆಯಿಂದ ಹೋಗುವ ಕೋಸಂಬರಿಗೂ ಅವರು ಬೇಡ ಅಂದಾರು ಅನ್ನಿಸಿ ಬಿಟ್ಟೆ.

ಮೂವತ್ತಾರನೇ ದಿನ ಕೋವಿ ಬಂತು. ಕೊರಿಯರ್ ಹುಡುಗ ದೊಡ್ಡವರ ಸಹಿಯೇ ಬೇಕು ಅಂದ. ಒಳಗೆ ಹೊಸ ಎಣ್ಣೆಯ ವಾಸನೆ, ಏನೇನು ಬದಲಾಯಿಸಿದೆ ಅಂತ ಬರೆದ ಒಂದು ಹಾಳೆ. ಟ್ರಿಗರ್ ಪೂರ್ತಿ ಹೊಸದು. ಸೇಫ್ಟಿಯ ಪಕ್ಕ ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ ಕೊರೆದಿದ್ದಾರೆ, ಸರಿ ಮಾಡಿದ್ದು ಅಂತ ಗುರುತಿಗೆ. ರೇಂಜಿಗೆ ಒಬ್ಬನೇ ಹೋದೆ. ಒಂದೇ ತೋಟಾ ಹಾಕಿದೆ. ನಳಿಗೆಯನ್ನು ಮಣ್ಣಿನ ದಿಬ್ಬದ ಕಡೆಗೆ ಇಟ್ಟು ಸೇಫ್ಟಿ ತಳ್ಳಿದೆ. ಉಸಿರು ಬಿಗಿಹಿಡಿದದ್ದು ಆಮೇಲೆ ಗೊತ್ತಾಯಿತು. ಏನೂ ಆಗಲಿಲ್ಲ. ಟ್ರಿಗರ್ ಒತ್ತಿದೆ, ಟಪ್.

ಅಪ್ಪನದು ಬಂದದ್ದು ಜೂನ್ ನಡುವಿನಲ್ಲಿ, ಮತ ಎಣಿಕೆ ಆದಮೇಲೆ. ದಾರದಲ್ಲಿ ಕಟ್ಟಿದ ಚೀಟಿ, ನಳಿಗೆಯ ತುದಿಗೆ ತುಕ್ಕು. ಠಾಣೆಯಲ್ಲಿ ಯಾರೋ ಆ ಟ್ಯೂಬಿನ ಪಟ್ಟಿಯನ್ನು ಬಿಚ್ಚಿ ಇಟ್ಟುಕೊಂಡಿದ್ದರಂತೆ. ಅಪ್ಪನಿಗೆ ತುಕ್ಕಿಗಿಂತ ಅದರದ್ದೇ ಬೇಜಾರು.

ಜುಲೈಯಲ್ಲಿ ಒಂದು ಸಂಜೆ ಅಜ್ಜ ಬೇಲಿ ಹತ್ತಿರ ಬಂದು ಕೇಳಿದರು, ವಾಪಸ್ ಬರಲು ಎಷ್ಟು ದಿನ ಹಿಡಿಯಿತು ಅಂತ. ಮೂವತ್ತಾರು ಅಂದೆ. ಸೆಪ್ಟೆಂಬರಿಗೆ ಅಳಿಲು ಬೇಟೆ ಶುರು, ಅದರೊಳಗೆ ಬರುತ್ತಾ ಅಂದರು. ಬರುತ್ತೆ, ನಂಬರ್ ಓದಿ, ನಾನೇ ಫೋನ್ ಮಾಡ್ತೀನಿ ಅಂದೆ. ಒಳಗೆ ಹೋಗಿ ಕೋವಿ ತಂದರು. ಬೋಲ್ಟ್ ತೆಗೆದು ಖಾಲಿ ಅಂತ ತೋರಿಸಿದರು, ಕನ್ನಡಕ ಏರಿಸಿ ಒಂದೊಂದೇ ಅಂಕಿ ಓದಿದರು. ನಾನು ಫೋನಿನಲ್ಲಿ ಆ ಕಾಗದ ತೆಗೆದು ನೋಡಿದೆ. ಮತ್ತೊಮ್ಮೆ ಓದಿಸಿದೆ.

ಅವರದು ಪಟ್ಟಿಯಲ್ಲಿ ಇರಲಿಲ್ಲ. ಮೊದಲ ನಂಬರಿಗಿಂತ ಇನ್ನೂರು ಚಿಲ್ಲರೆ ಹಿಂದಿನದು.

“ಹೇಳಿದ್ನಲ್ಲ” ಅಂದರು ಅಜ್ಜ. ಕೋವಿ ಹೆಗಲಿಗೇರಿಸಿ ಒಳಗೆ ಹೋದರು.