ಮಿಡಿಯ ಮೆಟ್ಟಿಲು, ಕರಾವಳಿಯ ಸೆಕೆ

ಕದ್ರಿಯ ನಮ್ಮ ಮನೆಯ ಮಾಳಿಗೆಯಲ್ಲಿರುವ ಹಳೆಯ ಸಿಂಥಸೈಜರ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಕೀಬೋರ್ಡ್ ವಾದ್ಯ) ಕೋರ್ಗ್ ಎಂಎಸ್-20 ಕೊನೆಗೂ ಕಂಪ್ಯೂಟರಿನ ಮಾತು ಕೇಳುತ್ತಿದೆ. ಇದು ಮಾರುಕಟ್ಟೆಗೆ ಬಂದದ್ದು 1978ರಲ್ಲಿ, ಕಂಪ್ಯೂಟರ್ ಮತ್ತು ವಾದ್ಯಗಳು ಪರಸ್ಪರ ಮಾತಾಡುವ ಭಾಷೆಯಾದ ಮಿಡಿ ಬಂದದ್ದು 1983ರಲ್ಲಿ. ಹಾಗಾಗಿ ನಡುವೆ ಒಂದು ಪರಿವರ್ತಕ ಬೇಕು: ಈ ಕಡೆಯಿಂದ ಸ್ವರದ ಸಂಖ್ಯೆ ಹೋದರೆ ಆ ಕಡೆ ವೋಲ್ಟೇಜ್ ಬರುತ್ತದೆ. ಅದರಲ್ಲೂ ಎಲ್ಲ ಯಂತ್ರಗಳದ್ದು ಒಂದೇ ಲೆಕ್ಕವಲ್ಲ. ಮಿನಿಮೂಗ್ ಎಂಬ ಇನ್ನೊಂದು ಸಿಂಥಸೈಜರ್‌ನಲ್ಲಿ ಒಂದು ಸ್ಥಾಯಿ ಏರಲು ಒಂದು ವೋಲ್ಟ್ ಹೆಚ್ಚಿದರೆ ಸಾಕು. ನಮ್ಮ ಎಂಎಸ್-20ಕ್ಕೆ ವೋಲ್ಟೇಜೇ ಇಮ್ಮಡಿಯಾಗಬೇಕು. ಪರಿವರ್ತಕಕ್ಕೆ ಈ ಲೆಕ್ಕ ಗೊತ್ತಿಲ್ಲದಿದ್ದರೆ ಸ ರಿ ಗ ಮ ಎಲ್ಲ ಚೆಲ್ಲಾಪಿಲ್ಲಿ.

ಶ್ರುತಿಯದ್ದು ಬೇರೆಯೇ ರಗಳೆ. ಮಂಗಳೂರಿನ ಮೇ ತಿಂಗಳ ಸೆಕೆಗೆ ಸ್ವರ ಹುಟ್ಟಿಸುವ ಆಸಿಲೇಟರ್ ಮೆಲ್ಲನೆ ಜಾರುತ್ತದೆ. ಸ್ವಿಚ್ ಹಾಕಿ, ಚಹಾ ಕುಡಿದು ಬಂದ ಮೇಲೆಯೇ ಶ್ರುತಿ ಕೂಡಿಸುವುದು. ಮಳೆಗಾಲದಲ್ಲಿ ನಾಬ್‌ಗಳು ಕರಕರ ಎನ್ನುತ್ತವೆ.

ಮಿಡಿಯಲ್ಲಿ ಸ್ವರವೆಂದರೆ 0ರಿಂದ 127ರವರೆಗಿನ ಮೆಟ್ಟಿಲು. ವೋಲ್ಟೇಜಿಗೆ ಮೆಟ್ಟಿಲೇ ಇಲ್ಲ. ಯಕ್ಷಗಾನದ ಭಾಗವತರು ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಗುವ ದಾರಿಯನ್ನು ಯಾವ ಸಂಖ್ಯೆಯಲ್ಲಿ ಬರೆಯುವುದು? ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಮಿಡಿಯ ಪಿಚ್ ಬೆಂಡ್‌ಗೆ 16,384 ಹಂತಗಳಿವೆ, ನಿಜ. ಆದರೂ ಗಮಕ ಬೇಕೆನಿಸಿದಾಗ ನಾನು ನೇರವಾಗಿ ನಾಬಿಗೇ ಕೈ ಹಾಕುತ್ತೇನೆ.

“ಹಾಗಾದರೆ ಇಷ್ಟೆಲ್ಲ ವಯರ್ ಯಾಕೆ?” ಎಂದು ಅಮ್ಮ ಕೇಳುತ್ತಾರೆ. ತಾಳ ತಪ್ಪದಿರಲಿ ಎಂದು, ಅಷ್ಟೇ.