ಸೊನ್ನೆಗೂ ಉಲ್ಟಾ ಉಂಟೇ?

ನಾನು ಮುಂಬಯಿಯಲ್ಲಿ ಭೌತವಿಜ್ಞಾನದ ಮೇಷ್ಟ್ರು ಎಂದು ತಿಳಿದರೆ ಸಾಕು, ಯಾರಾದರೊಬ್ಬರು ಕೇಳಿಯೇ ತೀರುತ್ತಾರೆ: ನ್ಯೂಟ್ರಾನಿಗೆ ವಿದ್ಯುದಾವೇಶವೇ ಇಲ್ಲವಲ್ಲ, ಮತ್ತೆ ಅದಕ್ಕೊಂದು ಪ್ರತಿಕಣ ಎಲ್ಲಿಂದ ಬಂತು? (ಪ್ರತಿಕಣ ಎಂದರೆ ಅದೇ ತೂಕದ, ಆದರೆ ಆವೇಶ ಮೊದಲಾದವು ಉಲ್ಟಾ ಆದ ಕಣ; ನ್ಯೂಟ್ರಾನಿನದಕ್ಕೆ ಆ್ಯಂಟಿನ್ಯೂಟ್ರಾನ್ ಎಂದು ಹೆಸರು.) ಕೇಳಲಿ, ಬೇಡವೆನ್ನುವುದಿಲ್ಲ. ಕಳ್ಳನನ್ನು ಹಿಡಿದವರ ಹಾಗೆ ಮುಖ ಮಾಡಿ ಕೇಳುತ್ತಾರಲ್ಲ, ಅದು ನನಗೆ ಸಹಿಸದು. ಇನ್ನು ಮುಂದೆ ಬಾಯಿ ನೋಯಿಸಿಕೊಳ್ಳುವುದಿಲ್ಲ, ಇದನ್ನೇ ಓದಿಕೊಳ್ಳಿ.

ಡೊಂಬಿವಲಿಯ ಒಂದು ಮದುವೆಯೂಟದಲ್ಲಿ ಪಕ್ಕದ ಎಲೆಗೆ ಕುಳಿತವರು ನನ್ನ ಸೋದರಮಾವ. ನಲವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕುಳಿತವರು. "ಅಲ್ಲ ಮಾರಾಯ, ಸೊನ್ನೆಯ ಉಲ್ಟಾ ಸೊನ್ನೆಯೇ ತಾನೇ? ನಿಮ್ಮವರು ಹೆಸರು ಬದಲಿಸಿ ಒಂದನ್ನೇ ಎರಡು ಮಾಡಿದ್ದಾರೆ" ಎಂದರು. ಪಂಕ್ತಿಯೆಲ್ಲ ನಕ್ಕಿತು.

ನನಗೆ ರೇಗಿತು. ಎಲೆಯ ತುದಿಯಲ್ಲಿ ಒಂದು ಬಾಳೆಕಾಯಿ ಚಿಪ್ಸ್, ಎರಡು ಹಪ್ಪಳದ ಚೂರು ಇಟ್ಟೆ. "ಮಾವ, ಇದು ನ್ಯೂಟ್ರಾನ್. ಅದರೊಳಗೆ ಕ್ವಾರ್ಕ್ ಎಂಬ ಇನ್ನೂ ಚಿಕ್ಕ ಕಣಗಳು ಮೂರು. ಚಿಪ್ಸ್ ಅಪ್ ಕ್ವಾರ್ಕ್, ಅದರ ಆವೇಶ ಮೂರರಲ್ಲಿ ಎರಡು ಪಾಲು ಜಮೆ. ಹಪ್ಪಳ ಡೌನ್ ಕ್ವಾರ್ಕ್, ಒಂದೊಂದೂ ಮೂರರಲ್ಲಿ ಒಂದು ಪಾಲು ಖರ್ಚು. ಬಾಕಿ ಸೊನ್ನೆ. ಆ್ಯಂಟಿನ್ಯೂಟ್ರಾನಿನಲ್ಲಿ ಮೂರೂ ಪ್ರತಿಕ್ವಾರ್ಕ್‌ಗಳು: ಎರಡು ಪಾಲು ಖರ್ಚು, ಒಂದೊಂದು ಪಾಲಿನ ಎರಡು ಜಮೆ. ಬಾಕಿ ಮತ್ತೆ ಸೊನ್ನೆ. ಬಾಕಿ ಒಂದೇ ಎಂದು ಎರಡು ಅಂಗಡಿಯ ಖಾತೆ ಒಂದೇ ಆಗುತ್ತದೆಯೇ?"

ಮಾವ ಸುಮ್ಮನಾದರು. ಕ್ವಾರ್ಕ್ ಎಂದೂ ಒಂಟಿಯಾಗಿ ಸಿಗುವುದಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಅಪ್ ಕ್ವಾರ್ಕನ್ನು ಒಂಟಿಯಾಗಿಯೇ ಬಾಯಿಗೆ ಹಾಕಿಕೊಂಡರು.

ಹೆಸರು ಬದಲಿಸಿದ್ದಾರೆ ಎಂಬ ಆರೋಪಕ್ಕೂ ಉತ್ತರ ಇಲ್ಲೇ ಇರಲಿ. ಆ್ಯಂಟಿನ್ಯೂಟ್ರಾನ್ ಸಿಕ್ಕಿದ್ದು 1956ರಲ್ಲಿ, ಅಮೆರಿಕದ ಬರ್ಕ್ಲಿಯಲ್ಲಿ. ಆವೇಶವಿಲ್ಲದ ಅದನ್ನು ಗುರುತಿಸಿದ್ದು, ಅದು ದ್ರವ್ಯಕ್ಕೆ ತಾಗಿ ನಾಶವಾಗುವಾಗ ಹೊಮ್ಮಿದ ಶಕ್ತಿಯಿಂದ. ಕ್ವಾರ್ಕ್‌ಗಳ ಮಾತು ಬಂದದ್ದು 1964ರಲ್ಲಿ. ಅಂದರೆ ಕಣ ಮೊದಲು ಸಿಕ್ಕಿತು, ಖಾತೆ ಬರೆದದ್ದು ಆಮೇಲೆ.

ಯಾರಾದರೂ ಕೇಯಾನ್ ಎಂಬ ಇನ್ನೊಂದು ಕಣದ ಬಗ್ಗೆ ಕೇಳಬಾರದೇ! ಒಂದು ಡೌನ್ ಕ್ವಾರ್ಕ್, ಸ್ಟ್ರೇಂಜ್ ಎಂಬ ಮತ್ತೊಂದು ಬಗೆಯ ಕ್ವಾರ್ಕಿನ ಪ್ರತಿಕ್ವಾರ್ಕ್ ಒಂದು ಸೇರಿದರೆ ಆವೇಶವಿಲ್ಲದ ಕೇಯಾನ್. ಅದು ಹೋಗುತ್ತಾ ಹೋಗುತ್ತಾ ತನ್ನ ಪ್ರತಿಕಣವೇ ಆಗಿಬಿಡುತ್ತದೆ, ಮತ್ತೆ ಮರಳುತ್ತದೆ. ಕ್ವಾರ್ಕ್ ಒಂದು, ಪ್ರತಿಕ್ವಾರ್ಕ್ ಒಂದು. ಅದಲುಬದಲಾದರೂ ಲೆಕ್ಕ ಕೆಡುವುದಿಲ್ಲ. ನ್ಯೂಟ್ರಾನ್ ಹಾಗೆ ಮಾಡಬೇಕಾದರೆ ಮೂರು ಕ್ವಾರ್ಕ್ ಅಳಿದು ಮೂರು ಪ್ರತಿಕ್ವಾರ್ಕ್ ಆಗಬೇಕು. ಫ್ರಾನ್ಸಿನ ಗ್ರೆನೋಬಲ್‌ನ ರಿಯಾಕ್ಟರಿನಿಂದ ನ್ಯೂಟ್ರಾನ್‌ಗಳನ್ನು ಹರಿಸಿ, ಒಂದಾದರೂ ಹೀಗೆ ಮಗ್ಗುಲು ಬದಲಿಸೀತೇ ಎಂದು ಕಾದರು. 1994ರಲ್ಲಿ ಫಲಿತಾಂಶ ಪ್ರಕಟವಾಯಿತು: ಒಂದೂ ಇಲ್ಲ.

ಇದನ್ನೂ ಮಾವನಿಗೆ ಹೇಳಲು ಹೊರಟೆ. ಅಷ್ಟರಲ್ಲಿ ಪಾಯಸ ಬಂತು.