"ಹೊಟ್ಟೆಗೆ ಏನಾದ್ರೂ ಆಪರೇಷನ್ ಆಗಿದೆಯಾ?"

ಒಬ್ಬರು ಟೀಚರ್ ಮೊದಲ ಸಲ ನನ್ನ ಹಲ್ಲಿನ ಕ್ಲಿನಿಕ್ಕಿಗೆ ಬಂದಾಗ ನಾನು ಈ ಪ್ರಶ್ನೆ ಕೇಳಲಿಲ್ಲ. ಮಾಡಿದ್ದು ಇಷ್ಟೇ. ವಸಡಿನ ಅಂಚಿನಲ್ಲಿ ಹುಳುಕಾಗಿದ್ದ ನಾಲ್ಕು ಹಲ್ಲಿಗೆ ಸಿಮೆಂಟ್ ತುಂಬಿದೆ. "ಸಿಹಿ ಕಡಿಮೆ ಮಾಡಿ, ರಾತ್ರಿ ತಪ್ಪದೆ ಚೆನ್ನಾಗಿ ಬ್ರಷ್ ಮಾಡಿ" ಅಂದೆ. ಅವರು ಏನೋ ಹೇಳೋಕೆ ಹೊರಟವರು ಸುಮ್ಮನಾದರು. ಹೊರಗೆ ಇನ್ನೂ ಆರು ಜನ ಕಾಯುತ್ತಿದ್ದರು. ನಾನೂ ಕೇಳಲಿಲ್ಲ.

ಎಂಟು ತಿಂಗಳಿಗೆ ವಾಪಸ್ ಬಂದರು. ಎರಡು ಸಿಮೆಂಟ್ ಕಿತ್ತು ಬಂದಿತ್ತು. ದವಡೆ ಹಲ್ಲಿನಲ್ಲಿದ್ದ ಒಂದು ಹಳೇ ಸಿಮೆಂಟ್ ಹಲ್ಲಿಗಿಂತ ಎತ್ತರಕ್ಕೆ ಎದ್ದು ನಿಂತಿತ್ತು. ಸಿಮೆಂಟ್ ಬೆಳೆಯೋದಿಲ್ಲ, ಅಲ್ವಾ? ಅದರ ಸುತ್ತಲಿನ ಹಲ್ಲು ಕರಗಿತ್ತು. ಪುಟ್ಟ ಕನ್ನಡಿಯನ್ನು ಮೇಲಿನ ಮುಂದಿನ ಹಲ್ಲುಗಳ ಹಿಂಭಾಗಕ್ಕೆ ಹಿಡಿದೆ. ಹೊಳೆಯಲ್ಲಿ ಉಜ್ಜಿದ ಕಲ್ಲಿನ ಹಾಗೆ ನುಣ್ಣಗಾಗಿತ್ತು. ನಡುವೆ ಒಳಗಿನ ಹಳದಿ ಪದರ ಕಾಣುತ್ತಿತ್ತು. ಸ್ವಲ್ಪ ಗಾಳಿ ಬಿಟ್ಟಿದ್ದಕ್ಕೇ ಅವರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಸಿಹಿ ತಿಂದರೆ ಹಲ್ಲಿನ ಆ ಜಾಗ ಹೀಗಾಗೋದಿಲ್ಲ. ಹೊಟ್ಟೆಯಿಂದ ಮೇಲೆ ಬರುವ ಆಸಿಡ್ ಜೋರಾಗಿ ತಾಗುವುದೇ ಅಲ್ಲಿಗೆ.

"ವಾಂತಿ ಆಗ್ತಿರತ್ತಾ ಟೀಚರ್?"

ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಎರಡು ವರ್ಷದ ಹಿಂದೆ ತೂಕ ಇಳಿಸೋ ಆಪರೇಷನ್ ಆಯ್ತು ಡಾಕ್ಟ್ರೇ. ನಮ್ಮನೆಯವರಿಗೂ ಅಮ್ಮನಿಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ. ಸ್ಕೂಲಲ್ಲಿ ಡಯಟ್ ಮಾಡ್ತಿದೀನಿ ಅಂತಷ್ಟೇ ಹೇಳಿದೀನಿ."

ಅವರಿಗೆ ಆಗಿದ್ದು ಸ್ಲೀವ್ ಆಪರೇಷನ್. ಜಠರದ ಶೇಕಡಾ 75ರಿಂದ 80ರಷ್ಟು ಭಾಗ ತೆಗೆದು, ಬಾಳೆಹಣ್ಣಿನ ಆಕಾರದ ಒಂದು ಕೊಳವೆ ಉಳಿಸುತ್ತಾರೆ. ಕೊಳವೆ ಸಣ್ಣದು, ಒಳಗಿನ ಒತ್ತಡ ಜಾಸ್ತಿ. ಹಾಗಾಗಿ ಕೆಲವರಿಗೆ ಎದೆಯುರಿ, ಹುಳಿ ತೇಗು ಶುರುವಾಗುತ್ತದೆ. ಬೇಗ ತಿಂದರೆ, ಸರಿಯಾಗಿ ಅಗಿಯದಿದ್ದರೆ, ಒಂದು ತುತ್ತು ಹೆಚ್ಚಾದರೆ ವಾಂತಿ. ಹುಳಿ ಎಷ್ಟಿದೆ ಅಂತ ಅಳೆಯುವುದು ಪಿಎಚ್ ಲೆಕ್ಕದಲ್ಲಿ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಕರಗೋಕೆ ಶುರುವಾಗುತ್ತದೆ. ಹೊಟ್ಟೆಯ ಆಸಿಡ್‌ನ ಪಿಎಚ್ 1ರಿಂದ 2 ಇರುತ್ತದೆ. ಹಲ್ಲಿಗೆ ಅದರ ಮುಂದೆ ತಡೆಯುವ ಶಕ್ತಿ ಇಲ್ಲ.

ಅವತ್ತು ಉಪಕರಣ ಕೆಳಗಿಟ್ಟು, ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ತಿಂತೀರಿ, ಕುಡೀತೀರಿ ಹೇಳಿ ಅಂದೆ. ಅರ್ಧ ಇಡ್ಲಿ, ಎರಡು ಗಂಟೆ ಬಿಟ್ಟು ಪ್ರೋಟೀನ್ ಪುಡಿ ಕಲಸಿದ ಹಾಲು, ಆಮೇಲೆ ನಾಲ್ಕು ಚಮಚ ಮೊಸರನ್ನ. ಹೀಗೆ ದಿನಕ್ಕೆ ಆರು ಸಲ. ಇದು ಆಸ್ಪತ್ರೆಯವರೇ ಹೇಳಿದ ಕ್ರಮ, ಅದರಲ್ಲಿ ತಪ್ಪಿಲ್ಲ. ಆದರೆ ಪ್ರತಿ ಸಲ ತಿಂದಾಗಲೂ ಬಾಯಲ್ಲಿ ಆಸಿಡ್ ಏರುತ್ತದೆ, ಅದನ್ನು ಇಳಿಸೋಕೆ ಜೊಲ್ಲಿಗೆ ಅರ್ಧ ಗಂಟೆಯಾದರೂ ಬೇಕು. ಮೂರು ಹೊತ್ತು ಉಣ್ಣುವವರ ಹಲ್ಲಿಗೆ ಸಿಗುವ ಬಿಡುವು ಇವರ ಹಲ್ಲಿಗೆ ಸಿಗುತ್ತಿರಲಿಲ್ಲ. ಊಟದ ಜೊತೆ ನೀರು ಕುಡಿಯುವ ಹಾಗಿಲ್ಲ, ಪಾಠದ ಮಧ್ಯೆ ಮರೆತುಹೋಗುತ್ತದೆ. ಬಾಯಿ ಒಣಗಿ ಜೊಲ್ಲೂ ಕಡಿಮೆಯಾಗಿತ್ತು.

ಬ್ಯಾಗಿನಿಂದ ನೀರಿನ ಬಾಟ್ಲಿ ತೆಗೆದು ತೋರಿಸಿದರು. ಬಿಸಿನೀರು, ನಿಂಬೆರಸ, ಜೇನುತುಪ್ಪ. ಒಳ್ಳೇದು ಅಂತ ಯಾರೋ ಹೇಳಿದ್ದರಂತೆ. ಬೆಳಗ್ಗೆಯಿಂದ ಸಂಜೆವರೆಗೆ ನೆನಪಾದಾಗಲೆಲ್ಲ ಗುಟುಕು ಗುಟುಕಾಗಿ ಅದನ್ನೇ ಕುಡಿಯುತ್ತಿದ್ದರು. ಹುಳಿ, ಸಿಹಿ ಎರಡೂ ದಿನವಿಡೀ ಹಲ್ಲಿನ ಮೇಲೆ.

ನನಗೆ ತುಂಬ ನೋವಾಗಿದ್ದು ಮುಂದಿನ ಮಾತು ಕೇಳಿ. "ವಾಂತಿಯಾದ ತಕ್ಷಣ ಬ್ರಷ್ ಮಾಡ್ತೀನಿ ಡಾಕ್ಟ್ರೇ, ಒಂದು ದಿನಾನೂ ಬಿಟ್ಟಿಲ್ಲ" ಅಂದರು. ಆಸಿಡ್ ತಾಗಿ ಮೆತ್ತಗಾದ ಎನಾಮಲ್ ಮೇಲೆ ಬ್ರಷ್ ಉಜ್ಜಿದರೆ ಅದು ಇನ್ನಷ್ಟು ಸವೆಯುತ್ತದೆ. ನಾನು ಹೋದ ಸಲ "ಚೆನ್ನಾಗಿ ಬ್ರಷ್ ಮಾಡಿ" ಅಂದಿದ್ದೆ. ಅವರು ಇನ್ನೂ ಗಟ್ಟಿಯಾಗಿ ಉಜ್ಜಿದ್ದರು.

ವಾಂತಿ ಅಥವಾ ಹುಳಿ ತೇಗು ಬಂದಾಗ ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಬಾಯಿ ಮುಕ್ಕಳಿಸಿ ಉಗಿಯಬೇಕು. ಸೋಡಾ ಇಲ್ಲದಿದ್ದರೆ ಬರೀ ನೀರಾದರೂ ಸಾಕು. ಬ್ರಷ್ ಅರ್ಧದಿಂದ ಒಂದು ಗಂಟೆ ಬಿಟ್ಟು, ಮೆತ್ತಗಿನದು, ಫ್ಲೋರೈಡ್ ಇರುವ ಪೇಸ್ಟ್ ಹಾಕಿ. ವಾಂತಿ ನಿಲ್ಲದಿದ್ದರೆ ಅದು ಹಲ್ಲಿನ ಡಾಕ್ಟರ್ ಸರಿಮಾಡುವ ವಿಷಯ ಅಲ್ಲ, ಆಪರೇಷನ್ ಮಾಡಿದವರ ಹತ್ತಿರ ಹೋಗಲೇಬೇಕು. ಅವತ್ತೇ ಅವರಿಗೆ ಚೀಟಿ ಬರೆದುಕೊಟ್ಟೆ.

"ಕ್ಯಾಲ್ಸಿಯಂ ಕಮ್ಮಿಯಾಗಿ ಹಲ್ಲು ಕರಗಿತಾ?" ಅಂತ ಟೀಚರ್ ಕೇಳಿದರು. ಇದನ್ನು ಸುಮಾರು ಜನ ಕೇಳುತ್ತಾರೆ. ಪೂರ್ತಿ ಬೆಳೆದ ಹಲ್ಲಿನಿಂದ ದೇಹ ಕ್ಯಾಲ್ಸಿಯಂ ವಾಪಸ್ ತೆಗೆದುಕೊಳ್ಳುವುದಿಲ್ಲ. ಕೊರತೆಯಾದರೆ ಪೆಟ್ಟು ಬೀಳುವುದು ಹಲ್ಲು ಹಿಡಿದಿರುವ ಮೂಳೆಗೆ. ಬಿ12, ಕಬ್ಬಿಣದ ಅಂಶ ಕಡಿಮೆಯಾದರೆ ನಾಲಿಗೆ ಕೆಂಪಾಗಿ ನುಣುಪಾಗುತ್ತದೆ, ಉರಿಯುತ್ತದೆ, ಬಾಯಿಯ ಮೂಲೆ ಒಡೆಯುತ್ತದೆ. ಟೀಚರಿಗೆ ಮೂಲೆ ಒಡೆದಿತ್ತು. ಆಪರೇಷನ್ ಆದ ಮೇಲೆ ತಗೊಳ್ಳಬೇಕಾದ ವಿಟಮಿನ್ ಮಾತ್ರೆಗಳನ್ನು ಮೊದಲ ವರ್ಷದ ನಂತರ ಬಿಟ್ಟುಬಿಟ್ಟಿದ್ದರು.

ಹಾಗಂತ ಆಪರೇಷನ್ ಮಾಡಿಸಿದ್ದೇ ತಪ್ಪು ಅಂತ ನಾನು ಹೇಳೋದಿಲ್ಲ. ಅವರ ಸಕ್ಕರೆ ಕಾಯಿಲೆ ಹತೋಟಿಗೆ ಬಂದಿದೆ. ಮೊದಲ ಮಹಡಿಯ ಕ್ಲಾಸಿಗೆ ನಿಲ್ಲದೆ ಹತ್ತುತ್ತಾರೆ. ಆದರೆ ಹಲ್ಲಿನ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಬಹುದಿತ್ತು. ನನ್ನ ಕೇಸ್ ಶೀಟಿನಲ್ಲಿ ಬಿಪಿ, ಶುಗರ್, ಹಾರ್ಟ್, ಅಲರ್ಜಿ ಎಲ್ಲಾ ಇತ್ತು. ಹೊಟ್ಟೆಯ ಆಪರೇಷನ್ ಅನ್ನುವ ಸಾಲೇ ಇರಲಿಲ್ಲ.

ಆ ಸಾಲು ಸೇರಿಸಿದ್ದು ಇನ್ನೊಬ್ಬರು ಬಂದ ಮೇಲೆ. ಅವರ ದವಡೆ ಹಲ್ಲು ಕಿತ್ತು, ಅಭ್ಯಾಸದ ಮೇಲೆ ಐಬುಪ್ರೊಫೆನ್ ಬರೆದೆ. ಅವರು ಪರ್ಸಿನಿಂದ ಮಡಚಿದ ಒಂದು ಕಾರ್ಡ್ ತೆಗೆದು ಮೇಜಿನ ಮೇಲಿಟ್ಟರು. ಗ್ಯಾಸ್ಟ್ರಿಕ್ ಬೈಪಾಸ್ ಆಗಿದೆ, ಆ ಜಾತಿಯ ನೋವಿನ ಮಾತ್ರೆ ಕೊಡಬೇಡಿ ಅಂತ ಬರೆದಿತ್ತು. ಅದೂ ತೂಕ ಇಳಿಸೋ ಆಪರೇಷನ್ನೇ. ಬೈಪಾಸ್‌ನಲ್ಲಿ ಸುಮಾರು 30 ಎಂಎಲ್‌ನ ಪುಟ್ಟ ಚೀಲ ಮಾಡಿ ಅದನ್ನು ಕರುಳಿಗೆ ಜೋಡಿಸುತ್ತಾರೆ. ಆ ಜೋಡಣೆಯ ಜಾಗದಲ್ಲಿ ಈ ಮಾತ್ರೆಗಳಿಂದ ಹುಣ್ಣಾಗಬಹುದು, ರಕ್ತ ಸೋರಬಹುದು. ಚೀಟಿ ಹರಿದು ಪ್ಯಾರಾಸಿಟಮಾಲ್ ಬರೆದೆ. ಕಾರ್ಡ್ ಮನೆಯಲ್ಲಿ ಮರೆತು ಬಂದಿದ್ದರೆ? ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

ಈಗ ಮೊದಲ ಭೇಟಿಯಲ್ಲೇ ಹೊಟ್ಟೆಯ ಆಪರೇಷನ್ನಿನ ಪ್ರಶ್ನೆ ನಾನೇ ಕೇಳುತ್ತೇನೆ, ರಿಸೆಪ್ಷನ್ನಿನಲ್ಲಿ ಎಲ್ಲರೆದುರು ಅಲ್ಲ, ಒಳಗೆ, ಬಾಗಿಲು ಹಾಕಿದ ಮೇಲೆ. ಹೌದು ಅಂದವರನ್ನು ಮೂರು ತಿಂಗಳಿಗೊಮ್ಮೆ ಕರೆಸಿ, ಬೇಕಾದವರಿಗೆ ಹಲ್ಲು ಗಟ್ಟಿಮಾಡುವ ಫ್ಲೋರೈಡ್ ವಾರ್ನಿಶ್ ಅನ್ನುವ ಲೇಪ ಹಚ್ಚುತ್ತೇನೆ. ಟೀಚರ್ ಬಾಟ್ಲಿಯಲ್ಲಿ ಈಗ ಬರೀ ನೀರು.

ಹೋದ ತಿಂಗಳು ಅವರು ತಮ್ಮ ನಾದಿನಿಯನ್ನು ಕರೆತಂದಿದ್ದರು. ಆಪರೇಷನ್ನಿಗೆ ಇನ್ನೂ ಐದು ವಾರ ಇತ್ತು. ಎಡಗಡೆಯ ಎರಡು ದವಡೆ ಹಲ್ಲು ಹುಳುಕಾಗಿ, ಅವರು ಬಲಗಡೆಯಲ್ಲೇ ಅಗಿಯುತ್ತಿದ್ದರು. ಆಪರೇಷನ್ ಆದ ಮೇಲೆ ಪ್ರತಿ ತುತ್ತನ್ನೂ ನುಣ್ಣಗೆ ಅಗಿದೇ ನುಂಗಬೇಕು, ಆಗ ಹಲ್ಲು ನೋವು ಇದ್ದರೆ ಆಗೋದಿಲ್ಲ. ಒಂದಕ್ಕೆ ರೂಟ್ ಕೆನಾಲ್, ಒಂದಕ್ಕೆ ಸಿಮೆಂಟ್, ಎರಡೂ ಮುಗಿಸಿ ಕಳಿಸಿದೆ. ಅವರು ಹೊರಗೆ ಹೋದ ಮೇಲೂ ಟೀಚರ್ ದನಿ ಕೇಳುತ್ತಿತ್ತು. ಕಾಯುತ್ತಿದ್ದವರ ಮಧ್ಯೆ ಕೂತು, ಅಡುಗೆ ಸೋಡಾ ಎಷ್ಟು ಹಾಕಬೇಕು ಅಂತ ನಾದಿನಿಗೆ ವಿವರಿಸುತ್ತಿದ್ದರು, ದನಿ ತಗ್ಗಿಸದೆ.